ಸೈಲೆನ್ಸರ್ ಬರುವ ತನಕ ಕಾಯಿರಿ

ಸಂಪಾದಕರೇ,

ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಇಂಜಿನ್ ಇಳಿಸಿ, ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಕ್ಯಾಮ್ (ವಾಲ್ವ್ ತೆರೆಸುವ ದಂಡ), ಟ್ಯಾಪೆಟ್ (ಕ್ಯಾಮಿನ ತಳ್ಳನ್ನು ವಾಲ್ವ್ ಕಡೆಗೆ ದಾಟಿಸುವ ಭಾಗ) ಎಲ್ಲಾ ಹೊಸದು ಹಾಕಿಸಿದೆ. 1089 ಸಿಸಿಯ ಪುಟ್ಟ ಇಂಜಿನ್, ಆದರೂ ಎರಡು ತಿಂಗಳು ಹಿಡಿಯಿತು. ಹಳೇ ಸೈಲೆನ್ಸರ್ ತುಕ್ಕು ತಿಂದು ಉದುರಿತ್ತು, ಹೊಸದು ಇನ್ನೂ ಬಂದಿರಲಿಲ್ಲ. 'ಏನೂ ಆಗಲ್ಲ ಸಾರ್, ಒಂದ್ಸಲ ಸ್ಟಾರ್ಟ್ ಹೊಡೆದು ನೋಡೋಣ' ಎಂದರು ಮೆಕ್ಯಾನಿಕ್. ನನಗೂ ಆತುರ, ಹೂಂ ಅಂದೆ.

ಸೈಲೆನ್ಸರ್ ಇಲ್ಲದೆ ಸ್ಟಾರ್ಟ್ ಮಾಡಿದ ತಕ್ಷಣ ವಾಲ್ವ್ ಸುಟ್ಟುಹೋಗುತ್ತದೆ ಎನ್ನುವವರಿದ್ದಾರೆ. ಅದು ಸುಮ್ನೆ ಹೆದರಿಸುವ ಮಾತು, ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಕೊಳವೆ) ಕೂತಿದ್ದರೆ ಅರ್ಧ ನಿಮಿಷಕ್ಕೆ ಏನೂ ಆಗುವುದಿಲ್ಲ. ಆದರೆ ಇಂಥ ಹಳೇ ಕಾಲದ ಇಂಜಿನ್‌ಗೆ ಹೊಸ ಕ್ಯಾಮ್ ಹಾಕಿದಾಗ ಮೊದಲ ಸ್ಟಾರ್ಟ್ ಅರ್ಧ ನಿಮಿಷದ್ದಲ್ಲ. ಐಡ್ಲಿಂಗ್‌ನಲ್ಲಿ ಬಿಟ್ಟರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಚುವ ಆಯಿಲ್ ಕ್ಯಾಮ್‌ಗೆ ಸಾಲುವುದಿಲ್ಲ, ಉಜ್ಜಿ ಹಾಳಾಗುತ್ತದೆ, ಅದಕ್ಕೇ ಹತ್ತಿರಹತ್ತಿರ 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು. ಸೈಲೆನ್ಸರ್ ಇಲ್ಲದೆ 20 ನಿಮಿಷ, ಅದೂ ಮನೆಗಳ ನಡುವಿನ ಗ್ಯಾರೇಜಿನಲ್ಲಿ! ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್ ಮಿತಿ ಅಂತ ನಿಯಮವಿದೆ, ನಮ್ಮದು ಅದನ್ನು ಯಾವಾಗಲೋ ದಾಟಿತ್ತು.

ಮಳೆ ಅಂತ ಶಟರ್ ಅರ್ಧ ಇಳಿಸಿದ್ದರು. ನಾಲ್ಕು ನಿಮಿಷಕ್ಕೆ ನನ್ನ ತಲೆ ಸಿಡಿಯತೊಡಗಿತು. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುವ ಗಾಳಿ ಅದು. ಪೈಪಿನ ಬಾಯಿಂದ ಬಂದ ಬಿಸಿಗೆ ಪಕ್ಕದ ವೈರಿನ ಪ್ಲಾಸ್ಟಿಕ್ ಕರಗಿತ್ತು, ಕೆಳಗೆ ಗ್ರೀಸ್ ಬಟ್ಟೆ ಬೇರೆ ಬಿದ್ದಿತ್ತು. ಎಲ್ಲಕ್ಕಿಂತ ಬೇಜಾರಾಗಿದ್ದು ಇನ್ನೊಂದು. ಮೊದಲ ಸ್ಟಾರ್ಟ್‌ನಲ್ಲಿ ಕಿವಿ ಕೊಟ್ಟು ಕೇಳಬೇಕಾದ್ದೇ ಇಂಜಿನ್ ಒಳಗಿನ ಸದ್ದು ಅಲ್ವಾ? ಏನೋ ಟಕಟಕ ಅನ್ನುತ್ತಿತ್ತು. ಬೇರಿಂಗೋ ಟ್ಯಾಪೆಟ್ಟೋ, ಆ ಗಲಾಟೆಯಲ್ಲಿ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಆಫ್ ಮಾಡಿಸಿದೆ.

ಗ್ಯಾರೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ಗಿರಾಕಿ ಎಷ್ಟೇ ಆತುರ ಮಾಡಲಿ, ಸೈಲೆನ್ಸರ್ ಇಲ್ಲದಿದ್ದರೆ ಸ್ಟಾರ್ಟ್ ಮಾಡಬೇಡಿ. ಕಾಯಲು ಆಗದಿದ್ದರೆ ಹಳೇ ಸೈಲೆನ್ಸರ್ ಒಂದನ್ನು ತಂತಿಯಲ್ಲಾದರೂ ಕಟ್ಟಿ, ಗಾಡಿ ಬಯಲಿಗೆ ತಳ್ಳಿ. ಅಲ್ಲಿಯವರೆಗೆ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ಆಯಿಲ್ ದೀಪ ಆರುತ್ತದಾ (ಆರಿದರೆ ಆಯಿಲ್ ಒತ್ತಡ ಬಂತು ಅಂತ) ನೋಡಿಕೊಳ್ಳಬಹುದು.

ನಮ್ಮ ಸೈಲೆನ್ಸರ್ ಮೂರು ದಿನ ಬಿಟ್ಟು ಬಂತು. ಹಾಕಿ ಸ್ಟಾರ್ಟ್ ಮಾಡಿದರೆ ಆ ಟಕಟಕ ಎಲ್ಲಿಂದ ಅಂತ ನನಗೇ ಕೇಳಿಸಿತು. ಒಂದು ಟ್ಯಾಪೆಟ್ ಗ್ಯಾಪ್ ಜಾಸ್ತಿ ಇತ್ತು, ಅಷ್ಟೇ.

– ಪದ್ಮಿನಿ ಮಾಲೀಕ, ಶಿವಮೊಗ್ಗ