ಪಾಲಕರ ಗಮನಕ್ಕೆ: ಶನಿವಾರ ತರಬೇತುದಾರರೊಂದಿಗೆ ಮಾತುಕತೆ

ಎಲ್ಲ ಪಾಲಕರಿಗೂ ನಮಸ್ಕಾರ.

ಕಳೆದ ಫುಟ್‌ಬಾಲ್ ಪಂದ್ಯದಲ್ಲಿ ಯಾರನ್ನು ಆಡಿಸಬೇಕಿತ್ತು, ವಿರಾಮದ ನಂತರ ಗೋಲ್‌ಕೀಪರನನ್ನು ಬದಲಿಸಿದ್ದು ಸರಿಯೇ ಎಂದು ಈ ಗುಂಪಿನಲ್ಲಿ ನಡೆದ ವಾಗ್ವಾದವನ್ನು ಮಕ್ಕಳೂ ಓದಿದ್ದಾರೆ ಎಂಬುದು ಬೇಸರದ ಸಂಗತಿ. ಮೈದಾನಕ್ಕಿಳಿಯುವವರು 11 ಮಂದಿ, ನಮ್ಮ ತಂಡದಲ್ಲಿರುವ ಮಕ್ಕಳು 18. ಹೀಗಾಗಿ ಪ್ರತಿ ಸಲವೂ ಕೆಲವು ಮನೆಗಳಲ್ಲಿ ಅಸಮಾಧಾನ ಇದ್ದೇ ಇರುತ್ತದೆ. (ಅಂದು ನನ್ನ ಮಗನೂ ಹೊರಗೇ ಕುಳಿತಿದ್ದ.)

ಈ ಶನಿವಾರ ಸಂಜೆ 6 ಗಂಟೆಗೆ, ಅಭ್ಯಾಸ ಮುಗಿದ ಬಳಿಕ, ಕಾರವಾರದ ಮಾಲಾದೇವಿ ಮೈದಾನದಲ್ಲಿ ತರಬೇತುದಾರರು 14 ವರ್ಷದೊಳಗಿನ ತಂಡದ ಪಾಲಕರೊಂದಿಗೆ ಮಾತನಾಡಲಿದ್ದಾರೆ. ಪ್ರಶ್ನೆಗಳನ್ನು ಶುಕ್ರವಾರದೊಳಗೆ ನನಗೆ ಪ್ರತ್ಯೇಕವಾಗಿ ಕಳುಹಿಸಿ. ಪಂದ್ಯದ ವೇಳೆ ಗೆರೆಯಾಚೆಯಿಂದ ಕೂಗಿ ಸೂಚನೆ ಕೊಡುವುದು ಬೇಡ. ತರಬೇತುದಾರರು, ಪಾಲಕರು ಇಬ್ಬರ ಮಾತಿಗೂ ಕಿವಿಗೊಟ್ಟ ಹುಡುಗ ಕಾಲಲ್ಲಿದ್ದ ಚೆಂಡನ್ನೇ ಕಳೆದುಕೊಳ್ಳುತ್ತಾನೆ.

ಬರುವವರು ದಯವಿಟ್ಟು ಇಲ್ಲಿ ತಿಳಿಸಿ.