‘ನಿಯಂತ್ರಣ ತಪ್ಪಿ’ ಎಂದರೆ ಏನು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಐದು ಸಾಲಿನ ಒಂದು ಸುದ್ದಿ ಬಂದಿತ್ತು. ಚಾಲಕನ ನಿಯಂತ್ರಣ ತಪ್ಪಿದ ಕಾರು ಮೋರಿಯ ಕಟ್ಟೆಗೆ ಡಿಕ್ಕಿ ಹೊಡೆದು ಇಬ್ಬರು ಗಾಯಗೊಂಡಿದ್ದಾರೆ, ಅತಿವೇಗ ಮತ್ತು ಅಜಾಗರೂಕತೆಯೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ. ಹಾಗೆಂದವರು ಯಾರು ಎಂದು ತಿಳಿಯುವ ಕುತೂಹಲ ನನಗೆ. ಆ ದಾರಿಯಲ್ಲಿ ಹನ್ನೊಂದು ವರ್ಷ, ದಿನಕ್ಕೆ ಎರಡು ಸಲ ಬಸ್ ಓಡಿಸಿದ್ದೇನೆ. ಆ ಮೋರಿಯ ಪರಿಚಯ ನನಗೆ ಚೆನ್ನಾಗಿ ಇದೆ. ರಸ್ತೆಯನ್ನು ಎರಡೂ ಬದಿಗೆ ಅಗಲ ಮಾಡಿದವರು ಮೋರಿಯನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟರು. ಹಾಗಾಗಿ ರಸ್ತೆಯ ಪಕ್ಕದಲ್ಲಿ ಇರಬೇಕಾದ ಕಟ್ಟೆ ಈಗ ಡಾಂಬರಿನ ಒಳಕ್ಕೆ ಒಂದು ಮೊಳ ಬಂದು ನಿಂತಿದೆ. ಅದಕ್ಕೆ ಬಳಿದಿದ್ದ ಕಪ್ಪು-ಬಿಳಿ ಪಟ್ಟೆಯಲ್ಲಿ ಬಿಳಿ ಹೋಗಿ ಕಪ್ಪು ಉಳಿದಿದೆ.

ಸುದ್ದಿ ಓದಿದ ಮರುದಿನ ಬೆಳಿಗ್ಗೆ ಅಳತೆಯ ಟೇಪು ಜೇಬಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗಿ ನೋಡಿ ಬಂದೆ. ಮೋರಿಗೆ ಮೂವತ್ತು ಹೆಜ್ಜೆ ಮೊದಲು ಎಡಗಡೆಗೆ ಒಂದು ತಗ್ಗು ಇದೆ. ಹಿಂದಿನ ದಿನಗಳ ಮಳೆಯ ನೀರು ಇನ್ನೂ ನಿಂತಿತ್ತು, ಉದ್ದ 9 ಮೀಟರ್, ಆಳ 4 ಸೆಂಟಿಮೀಟರ್. ನೀರು ಹರಿದು ಹೋಗಲೆಂದು ಮಾಡಿದ ಕಿಂಡಿ ಹೂಳು ತುಂಬಿ ಮುಚ್ಚಿಹೋಗಿತ್ತು. ಕಾರು ವೇಗವಾಗಿ ಬಂತೋ ಇಲ್ಲವೋ, ನಾನು ಕಂಡವನಲ್ಲ. ಆದರೆ ಸುದ್ದಿಯಲ್ಲಿ ಮಳೆಯೂ ಇಲ್ಲ, ತಗ್ಗೂ ಇಲ್ಲ, ರಸ್ತೆಯೊಳಗೆ ಬಂದ ಕಟ್ಟೆಯೂ ಇಲ್ಲ. ಚಾಲಕ ಒಬ್ಬನೇ ಇದ್ದಾನೆ.

ಚಾಲಕರೆಲ್ಲ ಸಂಭಾವಿತರು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಚಾಲಕರ ಭಂಡತನ ನಿಮಗಿಂತ ಚೆನ್ನಾಗಿ ಗೊತ್ತು. ಕುಡಿದವರನ್ನು, ತೂಕಡಿಸುವವರನ್ನು, ಮೊಬೈಲಿನಲ್ಲಿ ಮುಳುಗಿದವರನ್ನು ಎದುರಿನಿಂದಲೇ ಕಂಡಿದ್ದೇನೆ. ನನ್ನ ತಕರಾರು ಬೇರೆ. ಒಬ್ಬ ಹೇಗೆ ಸತ್ತ ಎಂದು ಕೇಳಿದರೆ ‘ಹೃದಯ ನಿಂತು ಸತ್ತ’ ಎಂದು ಯಾರಾದರೂ ಬರೆಯುತ್ತಾರೆಯೇ? ಹೃದಯ ನಿಲ್ಲದೆ ಸಾಯುವವರು ಉಂಟೇ? ‘ನಿಯಂತ್ರಣ ತಪ್ಪಿ’ ಎಂಬುದೂ ಅಂಥದ್ದೇ ಮಾತು. ಏಕೆ ತಪ್ಪಿತು ಎಂಬ ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತದೆ.

ನನ್ನ ನಿಯಂತ್ರಣವೂ ಒಮ್ಮೆ ತಪ್ಪಿದೆ. ರಾತ್ರಿ ಎಂಟೂವರೆಯ ಹೊತ್ತು, ಬಸ್ಸಿನಲ್ಲಿ ನಲವತ್ತು ಜನ, ವೇಗ ಐವತ್ತರ ಆಸುಪಾಸು. ಎದುರಿನ ಲಾರಿಯವನು ದೀಪ ಡಿಪ್ ಮಾಡಲಿಲ್ಲ. ಕಣ್ಣು ಕುಕ್ಕಿತು, ಕೊಂಚ ಎಡಕ್ಕೆ ಸರಿದೆ. ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಮಣ್ಣಿಗೆ ಇಳಿದವು. ಆ ರಸ್ತೆಗೆ ಹಿಂದಿನ ತಿಂಗಳಷ್ಟೇ ಹೊಸ ಡಾಂಬರು ಬಿದ್ದಿತ್ತು. ಹಳೆಯ ಪದರದ ಮೇಲೆ ಹೊಸ ಪದರ ಬಂದಾಗ ರಸ್ತೆ ಎತ್ತರವಾಯಿತು, ಪಕ್ಕಕ್ಕೆ ಮಾತ್ರ ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಇದ್ದ ಮಣ್ಣನ್ನೂ ಮಳೆ ಕೊಚ್ಚಿಕೊಂಡು ಹೋಗಿತ್ತು. ಅಂಚು ಗೋಡೆಯಂತೆ ನೇರವಾಗಿ ಆರು ಬೆರಳಿನಷ್ಟು ಎತ್ತರ ನಿಂತಿತ್ತು.

ಚಕ್ರವನ್ನು ಮೇಲೆ ತರಲು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದೆ. ಬಸ್ ಜಗ್ಗಲಿಲ್ಲ. ಟೈರಿನ ಪಕ್ಕೆ ಡಾಂಬರಿನ ಅಂಚಿಗೆ ಉಜ್ಜುತ್ತ, ಹಳಿಯಲ್ಲಿ ಸಿಕ್ಕಿಕೊಂಡಂತೆ ನೇರವಾಗಿಯೇ ಹೋಗುತ್ತಿತ್ತು. ಇನ್ನಷ್ಟು ತಿರುಗಿಸಿದೆ. ಮತ್ತಷ್ಟು. ಆಗ ಟೈರು ಒಮ್ಮೆಲೇ ಮೇಲೆ ಹತ್ತಿತು. ಹತ್ತುವ ಹೊತ್ತಿಗೆ ಮುಂದಿನ ಚಕ್ರಗಳು ಪೂರಾ ಬಲಕ್ಕೆ ತಿರುಗಿದ್ದವು, ಅವುಗಳನ್ನು ತಡೆಹಿಡಿದಿದ್ದ ಅಂಚು ಮಾತ್ರ ಈಗ ಇರಲಿಲ್ಲ. ಬಸ್ ಎದುರಿನ ಪಥಕ್ಕೆ ನುಗ್ಗಿತು. ಲಾರಿ ದಾಟಿ ಎರಡು ಸೆಕೆಂಡ್ ಆಗಿತ್ತು. ಅದರ ಹಿಂದೆ ಯಾರೂ ಬರುತ್ತಿರಲಿಲ್ಲ. ಬಸ್ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಕಂಡಕ್ಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ನಿದ್ದೆ ಹತ್ತಿತೇ ಅಣ್ಣ?’ ಆರು ವರ್ಷ ನನ್ನ ಜೊತೆ ಕೆಲಸ ಮಾಡಿದವನಿಗೂ ಮೊದಲು ಹೊಳೆದದ್ದು ಅದೇ.

ಹಾಗೆ ಚಕ್ರ ಇಳಿದಾಗ ಮೇಲೆ ಹತ್ತಲು ಅವಸರಪಡಬಾರದು, ಆಕ್ಸಿಲರೇಟರ್ ಬಿಟ್ಟು, ಮಣ್ಣಿನಲ್ಲಿಯೇ ನೇರವಾಗಿ ಸಾಗಿ, ವೇಗ ಚೆನ್ನಾಗಿ ಇಳಿದ ಮೇಲೆ ನಿಧಾನವಾಗಿ ಹತ್ತಿಸಬೇಕು ಎಂಬುದನ್ನು ಆಮೇಲೆ ಹಿರಿಯ ಚಾಲಕರೊಬ್ಬರು ಹೇಳಿಕೊಟ್ಟರು. ಅದಕ್ಕಿಂತ ಸುಲಭವಾದ ಮದ್ದು ರಸ್ತೆ ಮಾಡುವವರ ಕೈಯಲ್ಲಿಯೇ ಇದೆ. ಡಾಂಬರು ಹಾಸುವಾಗಲೇ ಅಂಚನ್ನು ಸುಮಾರು 30 ಡಿಗ್ರಿ ಓರೆಯಾಗಿ ಒತ್ತಿಬಿಟ್ಟರೆ, ಪಕ್ಕದ ಮಣ್ಣು ಮುಂದೆ ಕೊಚ್ಚಿಹೋದರೂ ಟೈರು ಉಜ್ಜದೆ ಸಲೀಸಾಗಿ ಮೇಲೆ ಬರುತ್ತದೆ. ಹಾಸುವ ಯಂತ್ರಕ್ಕೆ ಒಂದು ಕಬ್ಬಿಣದ ಅಚ್ಚು ಸೇರಿಸಿದರೆ ಸಾಕು. ಅಮೆರಿಕದಲ್ಲಿ ಇದನ್ನು ಮಾಡುತ್ತಾರೆ.

ಇನ್ನು ರಸ್ತೆಯ ಮೈ. ‘ಕನ್ನಡಿಯಂಥ ರಸ್ತೆ’ ಎಂದು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿಮ್ಮ ಪತ್ರಿಕೆಯೂ ಒಮ್ಮೆ ಹಾಗೆ ಬರೆದಿತ್ತು. ಕಾರಿನ ಒಂದೊಂದು ಟೈರೂ ರಸ್ತೆಯನ್ನು ಮುಟ್ಟುವುದು ಅಂಗೈ ಅಗಲದಷ್ಟು ಮಾತ್ರ. ನಾಲ್ಕು ಅಂಗೈಗಳ ಹಿಡಿತದಲ್ಲಿ ಒಂದು ಕುಟುಂಬ ಕೂತಿರುತ್ತದೆ. ಆ ಹಿಡಿತ ಬರುವುದು ಜಲ್ಲಿಯ ಒರಟುತನದಿಂದ ಮತ್ತು ಜಲ್ಲಿಗಳ ನಡುವಿನ ಸಂದಿಗಳಿಂದ. ಸಾವಿರಾರು ಟೈರುಗಳು ಉಜ್ಜಿ ಉಜ್ಜಿ ಜಲ್ಲಿ ನುಣುಪಾಗುತ್ತದೆ. ಡಾಂಬರಿನ ಪ್ರಮಾಣ ಹೆಚ್ಚಾಗಿದ್ದರೆ ಬಿಸಿಲಿಗೆ ಅದು ಉಕ್ಕಿ ಮೇಲೆ ಬಂದು ಸಂದಿಗಳನ್ನೂ ಮುಚ್ಚುತ್ತದೆ. ಆಗ ರಸ್ತೆ ಕಪ್ಪಗೆ ಹೊಳೆಯುತ್ತದೆ, ನೋಡುವವರಿಗೆ ಚಂದವೂ ಕಾಣುತ್ತದೆ.

ಲೆಕ್ಕ ಕಷ್ಟದ್ದಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ, ಒಣಗಿದ ಒರಟು ರಸ್ತೆಯಲ್ಲಿ ಘರ್ಷಣೆಯ ಗುಣಾಂಕ, ಅಂದರೆ ಟೈರಿಗೂ ರಸ್ತೆಗೂ ಇರುವ ಹಿಡಿತದ ಅಳತೆ, 0.7ರಷ್ಟು ಇದ್ದರೆ, ಬ್ರೇಕ್ ಹಿಡಿದ ಮೇಲೆ ಸುಮಾರು 36 ಮೀಟರಿನಲ್ಲಿ ನಿಲ್ಲುತ್ತದೆ. ಘರ್ಷಣೆ ಅರ್ಧಕ್ಕೆ ಇಳಿದರೆ 72 ಮೀಟರ್ ಬೇಕು. ಚಾಲಕ ಅವನೇ, ಬ್ರೇಕ್ ಅದೇ, ವೇಗವೂ ಅದೇ. ರಸ್ತೆಯ ಒರಟುತನವನ್ನು ಪರೀಕ್ಷಿಸುವ ವಿಧಾನವೊಂದನ್ನು ಒಮ್ಮೆ ದಾರಿಯಲ್ಲಿ ಬಸ್ ನಿಲ್ಲಿಸಿಕೊಂಡು ನೋಡಿದ್ದೆ. ಅಳೆದ ಮರಳನ್ನು ರಸ್ತೆಯ ಮೇಲೆ ಸುರಿದು, ಚಪ್ಪಟೆ ಬಿಲ್ಲೆಯೊಂದರಿಂದ ದುಂಡಗೆ ಹರಡುತ್ತಾರೆ. ಒರಟು ರಸ್ತೆಯಲ್ಲಿ ಮರಳು ಸಂದಿಗಳಿಗೆ ಇಳಿದು ವೃತ್ತ ಚಿಕ್ಕದಾಗಿಯೇ ನಿಲ್ಲುತ್ತದೆ, ನುಣುಪಾದ ಕಡೆ ಹರಡುತ್ತಲೇ ಹೋಗುತ್ತದೆ. ಒಂದು ಹಿಡಿ ಮರಳು, ಒಂದು ಅಳತೆಪಟ್ಟಿ, ಐದು ನಿಮಿಷ. ದೊಡ್ಡ ವಿದ್ಯೆಯೇನೂ ಬೇಕಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ವಿಮಾನಗಳು ಇಳಿಯುವಾಗ ರನ್‌ವೇಯ ನೀರಿನ ಮೇಲೆ ತೇಲಿ ಜಾರುವುದನ್ನು 1960ರ ದಶಕದಲ್ಲಿ ನಾಸಾದವರು ಅಭ್ಯಾಸ ಮಾಡಿದ್ದರು. ಟೈರು ತೇಲುವ ವೇಗಕ್ಕೂ ಒಳಗಿನ ಗಾಳಿಯ ಒತ್ತಡಕ್ಕೂ ನಂಟಿದೆ ಎಂದು ಅವರು ತೋರಿಸಿದರು. ಆ ಸೂತ್ರದ ಪ್ರಕಾರ 32 ಪೌಂಡ್ ಗಾಳಿಯ ಕಾರಿನ ಟೈರು, ನೀರು ಸಾಕಷ್ಟು ಆಳವಾಗಿದ್ದರೆ, ಗಂಟೆಗೆ ಸುಮಾರು 94 ಕಿಲೋಮೀಟರ್ ವೇಗದಲ್ಲಿ ನೆಲ ಬಿಡುತ್ತದೆ. ಗಾಳಿ 25 ಪೌಂಡಿಗೆ ಇಳಿದಿದ್ದರೆ 83 ಸಾಕು. ಟೈರು ಸವೆದಿದ್ದರೆ ತೆಳುವಾದ ನೀರೂ ಸಾಕು. ಬಸ್ಸಿನ ಟೈರಿನಲ್ಲಿ ಗಾಳಿ ಬಹಳ ಹೆಚ್ಚು, ಆದ್ದರಿಂದ ಅದು ಅಷ್ಟು ಬೇಗ ತೇಲುವುದಿಲ್ಲ. ನಾನು ನೀರು ಹಾರಿಸಿಕೊಂಡು ಆ ತಗ್ಗು ದಾಟುತ್ತಿದ್ದಾಗ, ಹಿಂದಿನ ಕಾರಿನವರು ‘ಬಸ್ಸೇ ಹೋಯಿತಲ್ಲ’ ಎಂದು ನಂಬಿ ಬಂದಿರಬಹುದು ಎಂದು ಈಗ ನೆನೆಸಿಕೊಂಡರೆ ಕಸಿವಿಸಿಯಾಗುತ್ತದೆ. ನೀರು ಒಂದೇ ಬದಿಗೆ ನಿಂತಿದ್ದರಂತೂ ಆ ಬದಿಯ ಚಕ್ರಗಳನ್ನು ಅದು ಹಿಡಿದೆಳೆಯುತ್ತದೆ, ವಾಹನ ಎಡಕ್ಕೆ ಸೆಳೆಯುತ್ತದೆ. ಎಡಕ್ಕೆ ಏನಿದೆ? ಮೋರಿಯ ಕಟ್ಟೆ.

ರಸ್ತೆ ಬಿಟ್ಟ ವಾಹನಕ್ಕೆ ಮುಂದೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿದೆ. ಜನರಲ್ ಮೋಟಾರ್ಸ್ ಕಂಪನಿಗೆ ಅಮೆರಿಕದ ಮಿಶಿಗನ್‌ನಲ್ಲಿ ಸ್ವಂತ ಪರೀಕ್ಷಾ ರಸ್ತೆಗಳಿವೆ. ಅಲ್ಲಿ ಓಡಿಸುವವರು ಪಳಗಿದ ಚಾಲಕರು. ಆದರೂ ವಾಹನಗಳು ರಸ್ತೆ ಬಿಟ್ಟು ಹೊರಗೆ ಹೋಗುತ್ತಲೇ ಇದ್ದವು. ಅಲ್ಲಿದ್ದ ಕೆನೆತ್ ಸ್ಟೋನೆಕ್ಸ್ ಎಂಬ ಎಂಜಿನಿಯರ್ ಅವು ಎಷ್ಟೆಷ್ಟು ದೂರ ಹೋದವು ಎಂಬ ಲೆಕ್ಕ ನೋಡಿದರು. ಪಕ್ಕದಲ್ಲಿ ಸುಮಾರು 9 ಮೀಟರ್ ಅಡೆತಡೆಯಿಲ್ಲದ ಇಳಿಜಾರು ನೆಲವಿದ್ದರೆ ಹತ್ತರಲ್ಲಿ ಎಂಟು ವಾಹನಗಳು ಅಷ್ಟರೊಳಗೇ ಸಂಭಾಳಿಸಿಕೊಳ್ಳುತ್ತವೆ ಎಂದು ಕಂಡುಬಂತು. ಕಂಪನಿ ಮರ, ಕಂಬ, ಹಳ್ಳಗಳನ್ನು ರಸ್ತೆಬದಿಯಿಂದ ದೂರ ಮಾಡಿತು. ‘ಕ್ಷಮಿಸುವ ರಸ್ತೆಬದಿ’ ಎಂಬ ಮಾತು ಆ ಕಾಲದ್ದು. ಎಲ್ಲ ಕಡೆ 9 ಮೀಟರ್ ಜಾಗ ಸಿಗುವುದಿಲ್ಲ, ಒಪ್ಪಿದೆ. ಮರ ಕಡಿಯಿರಿ ಎಂದೂ ನಾನು ಹೇಳುವವನಲ್ಲ. ನೆರಳಿಲ್ಲದ ರಸ್ತೆಯಲ್ಲಿ ಮಧ್ಯಾಹ್ನ ಬಸ್ ಓಡಿಸಿದವರಿಗೆ ಮರದ ಬೆಲೆ ಗೊತ್ತು. ಕಂಬದ ಬುಡವನ್ನು ಮಾತ್ರ ಗುದ್ದಿದರೆ ಕಳಚಿ ಬೀಳುವಂತೆ ಮಾಡಬಹುದು. ಮರಗಳ ಮುಂದೆ ತಡೆಬೇಲಿ ಹಾಕಬಹುದು.

ತಡೆಬೇಲಿಯೂ ಸರಿಯಾಗಿ ಇದ್ದರೆ ಮಾತ್ರ ತಡೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುವಾಗ ವಾಹನ ಬರುವ ಕಡೆಯ ಪಟ್ಟಿ ಮೇಲೆ ಇರಬೇಕು. ಆಗ ಉಜ್ಜಿದ ವಾಹನ ಮುಂದಕ್ಕೆ ಜಾರುತ್ತದೆ. ತಿರುಗುಮುರುಗಾಗಿ ಜೋಡಿಸಿದರೆ ಪಟ್ಟಿಯ ಬಾಯಿ ವಾಹನಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗೆ ಜೋಡಿಸಿದ್ದನ್ನು ನಾನು ಕಂಡಿದ್ದೇನೆ. ಬೇಲಿಯ ತುದಿಯನ್ನು ಬರಿದೇ ಬಿಟ್ಟರೆ ಅದು ಈಟಿ, ಕಾರಿನ ಒಳಕ್ಕೇ ನುಗ್ಗುತ್ತದೆ. ತುದಿಯನ್ನು ಇಳಿಸಿ ನೆಲದಲ್ಲಿ ಹೂತರೆ ಚಕ್ರ ಅದರ ಮೇಲೆ ಹತ್ತಿ ವಾಹನ ಮಗುಚುತ್ತದೆ. ಗುದ್ದಿನ ಬಲವನ್ನು ಹೀರಿಕೊಳ್ಳುವ ತುದಿಗಳು ಬಂದು ಎಷ್ಟೋ ಕಾಲವಾಯಿತು.

ಮಳೆಯ ರಾತ್ರಿ ರಸ್ತೆಯ ಬಿಳಿ ಗೆರೆ ಮಾಯವಾಗುವುದನ್ನೂ ಹೇಳಬೇಕು. ಬಣ್ಣದಲ್ಲಿ ಬೆರೆಸಿದ ಗಾಜಿನ ಮಣಿಗಳು ನೀರಿನಲ್ಲಿ ಮುಳುಗಿದರೆ ಬೆಳಕು ನಮ್ಮ ಕಡೆ ಮರಳುವುದಿಲ್ಲ. ಇಂಗ್ಲೆಂಡಿನ ಪರ್ಸಿ ಶಾ ಇದಕ್ಕೆ 1934ರಲ್ಲೇ ಉಪಾಯ ಕಂಡುಕೊಂಡಿದ್ದರು. ರಬ್ಬರಿನ ತೊಟ್ಟಿಲಲ್ಲಿ ಕೂರಿಸಿದ ಗಾಜಿನ ಕಣ್ಣುಗಳು, ಚಕ್ರ ಹಾದಾಗ ಒಳಕ್ಕೆ ಅದುಮಿಕೊಂಡು ತಮ್ಮನ್ನು ತಾವೇ ಒರೆಸಿಕೊಳ್ಳುತ್ತವೆ. ಅಂಥದ್ದು ನಮ್ಮ ಮೋರಿಯ ಮುಂದೆ ನಾಲ್ಕು ಇದ್ದಿದ್ದರೂ ಆಗುತ್ತಿತ್ತು.

ನಾನು ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ. ಅಪಘಾತದ ಸುದ್ದಿ ಬರೆಯುವ ನಿಮ್ಮ ವರದಿಗಾರರು ವಾಹನ ಯಾವುದಕ್ಕೆ ಗುದ್ದಿತು, ಅದು ಡಾಂಬರಿನ ಅಂಚಿನಿಂದ ಎಷ್ಟು ದೂರವಿತ್ತು, ನೆಲ ಒದ್ದೆಯಾಗಿತ್ತೇ, ಅಂಚು ಎಷ್ಟು ಆಳ ಎಂದು ಕೇಳಿ ಬರೆಯಲಿ. ಎರಡು ಸಾಲು ಹೆಚ್ಚಾಗಬಹುದು. ಅಷ್ಟು ಜಾಗವಿಲ್ಲದಿದ್ದರೆ ‘ಎನ್ನಲಾಗಿದೆ’ಯ ಸಾಲನ್ನು ತೆಗೆದರೆ ಜಾಗವಾಗುತ್ತದೆ. ಸ್ವೀಡನ್ನಿನ ಸಂಸತ್ತು 1997ರಲ್ಲಿ ರಸ್ತೆಯ ಸಾವುಗಳಿಗೆ ರಸ್ತೆ ರೂಪಿಸುವವರೂ ಹೊಣೆ ಎಂಬ ನೀತಿಯನ್ನು ಒಪ್ಪಿಕೊಂಡಿತು. ಪತ್ರಿಕೆಯ ಒಂದು ಅಂಕಣ ಒಪ್ಪಿಕೊಳ್ಳಲು ಅಷ್ಟು ಚರ್ಚೆ ಬೇಕಾಗಲಾರದು.

ಆ ದಿನ ಹೊರಡುವ ಮೊದಲು ಮೋರಿಯ ಕಟ್ಟೆಯನ್ನು ಹತ್ತಿರದಿಂದ ನೋಡಿದೆ. ಕಾರು ಉಜ್ಜಿದ ಕಡೆ ಬಿಳಿ ಬಣ್ಣ ಹತ್ತಿತ್ತು. ಅದರ ಪಕ್ಕದಲ್ಲಿ ನೀಲಿ, ಕೆಳಗೆ ಮಾಸಿದ ಹಸಿರು. ಆ ನೀಲಿ ಮತ್ತು ಹಸಿರು ವಾಹನಗಳ ಸುದ್ದಿಯೂ ನಿಮ್ಮ ಹಳೆಯ ಸಂಚಿಕೆಗಳಲ್ಲಿ ಎಲ್ಲಿಯಾದರೂ ಇರಬಹುದು. ದಯವಿಟ್ಟು ಹುಡುಕಿಸಿ, ಅವುಗಳ ಬಗ್ಗೆ ಏನು ಬರೆದಿತ್ತು ನೋಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಚಾಲಕ