ಕಿನ್‌ಬಾಲ್: ಅಂಕಣಕ್ಕಿಳಿಯುವ ಮೊದಲು

ಎಲ್ಲರ ಗಮನಕ್ಕೆ. 1986ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಆಟವಿದು. ಅಂಕಣದಲ್ಲಿ ಏಕಕಾಲಕ್ಕೆ ಮೂರು ತಂಡ, ತಲಾ ನಾಲ್ವರು. ಚೆಂಡಿನ ವ್ಯಾಸ 1.22 ಮೀಟರ್, ತೂಕ ಮಾತ್ರ ಸುಮಾರು ಒಂದು ಕಿಲೋ. ಗಾಳಿ ಬೀಸಿದರೆ ಹಿಡಿತಕ್ಕೆ ಸಿಗದು, ಒಳಾಂಗಣವೇ ಸರಿ.

ಸರ್ವ್ ಮಾಡುವಾಗ ಮೂವರು ಚೆಂಡಿಗೆ ಕೈ ಆನಿಸಿರಬೇಕು. ‘ಓಮ್ನಿಕಿನ್’ ಎಂದು ಕೂಗಿ, ಎದುರಾಳಿ ತಂಡವೊಂದರ ಬಣ್ಣ ಹೇಳಿದ ಮೇಲೆಯೇ ನಾಲ್ಕನೆಯವರು ಹೊಡೆಯಬೇಕು. ಆ ಬಣ್ಣದವರು ಚೆಂಡು ನೆಲ ಮುಟ್ಟುವುದರೊಳಗೆ ತಡೆಯಬೇಕು, ಕಾಲಲ್ಲಾದರೂ ಸರಿ. ತಪ್ಪಿದರೆ ಉಳಿದೆರಡೂ ತಂಡಕ್ಕೆ ತಲಾ ಒಂದು ಅಂಕ! ಮಜಾ ಇರುವುದೇ ಇಲ್ಲಿ.

ಚೆಂಡನ್ನು ಕೆಳಮುಖವಾಗಿ ಹೊಡೆದರೆ ಫೌಲ್. ಹೊಸಬರು ಹೆಚ್ಚಾಗಿ ಎಡವುವುದು ಇದರಲ್ಲೇ. ತಡೆಯುವವರು ಗುಂಪುಗೂಡದೆ ಚೆಂಡಿನ ಸುತ್ತ ಚೌಕಾಕಾರವಾಗಿ ನಿಲ್ಲಿ, ಇಲ್ಲದಿದ್ದರೆ ಒಂದು ಮೂಲೆ ಖಾಲಿ ಬೀಳುತ್ತದೆ.